ಏಳನೇ ಸಬ್ಜೆಕ್ಟು

ನನ್ನ ವರದಿಯ ಮೊದಲ ಪ್ರತಿಯನ್ನು ಪಂಚಾಕ್ಷರಪ್ಪ ಸಾರ್ ವಾಪಸ್ ಕೊಟ್ಟಾಗ ಅದರಲ್ಲಿ ನನ್ನ ನೀಲಿ ಇಂಕಿಗಿಂತ ಅವರ ಕೆಂಪು ಇಂಕೇ ಹೆಚ್ಚಾಗಿತ್ತು. ೧೯೭೬ನೇ ಇಸವಿ, ದುರ್ಗದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಮನಶ್ಶಾಸ್ತ್ರ ತೆಗೆದುಕೊಂಡವರೆಲ್ಲ ಒಂದೊಂದು ಪ್ರಯೋಗ ಮಾಡಿ ವರದಿ ಬರೆಯಬೇಕಿತ್ತು. ಉಳಿದವರು ಹಾಸ್ಟೆಲ್ಲಿನ ಗೆಳತಿಯರನ್ನೇ ಕೂರಿಸಿಕೊಂಡು ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿಸಿ ಕೈತೊಳೆದುಕೊಂಡಿದ್ದರು. ನನಗೆ ಅದು ಸಪ್ಪೆ ಅನ್ನಿಸಿತ್ತು. ಮಾಡದಕೆರೆ ಹತ್ತಿರದ ನಮ್ಮೂರಿಗೆ ಹೋಗಿ, ಕುರಿಮರಿ ಇಟ್ಟುಕೊಂಡು ಪ್ರಯೋಗ ಮಾಡಿ ಬಂದಿದ್ದೆ. ಇಡೀ ಕ್ಲಾಸಿನಲ್ಲಿ ನನ್ನಷ್ಟು ಒಳ್ಳೆಯ ವಿಷಯ ಇನ್ನೊಬ್ಬರದಿರಲಿಲ್ಲ. ಆಗಲೂ ನನಗೆ ಅದರಲ್ಲಿ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಕುರುಬನಾದವನು ಒಂದು ಸಲ ನೋಡಿದ ಕುರಿಯನ್ನು ಮರೆಯುವುದಿಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅದನ್ನು ಕಾಲೇಜಿನವರ ಮುಂದೆ ಸಾಬೀತು ಮಾಡಿ ತೋರಿಸುವುದು ನನ್ನ ಉದ್ದೇಶ. ಹೊಳಲ್ಕೆರೆ ಕಡೆಯವರು ಕೆಲವರು ನಮ್ಮೂರ ತಿಪ್ಪೇರುದ್ರಪ್ಪನವರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರು. ನಮ್ಮೂರಿನ ಯಾರೂ ನೋಡದ ಕುರಿಗಳು. ಅವರಿಂದ ಹತ್ತು ಮರಿ ಕೇಳಿ ಪಡೆದು, ನನ್ನ ಗುರುತಿಗೆಂದು ಹೊಟ್ಟೆಯ ಅಡಿಗೆ ಕಾಣದ ಹಾಗೆ ಕೆಮ್ಮಣ್ಣು ಬಳಿದೆ. ಒಬ್ಬೊಬ್ಬರನ್ನೇ ಕರೆದು ಆ ಮರಿಗಳನ್ನು ತೋರಿಸುವುದು. ಆಮೇಲೆ ಅವನ್ನು ಅದೇ ಮಂದೆಯ ಬೇರೆ ಮರಿಗಳ ಜೊತೆ ಬೆರೆಸಿ, ಮತ್ತೆ ಕರೆದು, ತೋರಿಸಿದ ಹತ್ತು ಯಾವುವು ಅಂತ ಕೇಳುವುದು. ಕುರುಬರು ಹನ್ನೆರಡು ಜನ, ಕುರಿ ಸಾಕದ ಬೇಸಾಯದವರು ಹನ್ನೆರಡು ಜನ.

ಇಷ್ಟು ಜನರನ್ನು ಕೂರಿಸುವುದೇ ಕಷ್ಟವಾಯಿತು. ಯಾರಿಗೆ ಬೇಕು ಹುಡುಗಿಯ ಆಟ? ಕೊನೆಗೆ ನಾನು, "ಕುಂತೋರ ಹೆಸರೆಲ್ಲ ಪುಸ್ತಕದಾಗೆ ಬರ್ತೈತೆ. ಊರಿಗೆ ತಂದು ಎಲ್ಲರ ಮುಂದೆ ಓದ್ತೀನಿ" ಅಂದೆ. ಆಮೇಲೆ ನೋಡಿ, ಬೇಡ ಅಂದವರೂ ಬಂದರು. ನಮ್ಮಲ್ಲಿ ಮದುವೆಯ ಮನೆಯಲ್ಲಿ ಮುಯ್ಯಿ ಮಾಡಿದವರ ಹೆಸರನ್ನು ಬರೆದುಕೊಂಡು ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ರವಿಕೆ ಕಣ ಕೊಟ್ಟವರಿಂದ ಹಿಡಿದು ಹಸು ಕೊಟ್ಟವರವರೆಗೆ ಒಂದು ಹೆಸರೂ ತಪ್ಪುವ ಹಾಗಿಲ್ಲ. ತಪ್ಪಿತೋ, ಎರಡು ಮನೆಗಳ ನಡುವೆ ಮಾತು ಬಿಟ್ಟುಹೋಗುತ್ತದೆ. ಕೆಲಸ ಬಿಟ್ಟು ಬಂದು ಕೂತವರಿಗೆ ಅಷ್ಟಾದರೂ ಸಲ್ಲಬೇಕು ಅಂತ ನಾನೂ ನಂಬಿದ್ದೆ.

ಎಲ್ಲರಿಗಿಂತ ಮೊದಲು ಬಂದವನು ನನ್ನ ದೊಡ್ಡಪ್ಪ ಬೀರಪ್ಪ. ಎರಡು ಮಂದೆ ಬೆರೆತು ಯಾರ ಕುರಿ ಯಾರದ್ದು ಅಂತ ಜಗಳ ಬಂದರೆ ಸುತ್ತಿನ ಊರಿನವರೆಲ್ಲ ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದರು. ದೊಡ್ಡಪ್ಪ ನೋಡಿ, "ಇದು ಇಂಥವಂದು" ಅಂದರೆ ಅಲ್ಲಿಗೆ ಮುಗಿಯಿತು. ನನ್ನನ್ನು ಕಾಲೇಜಿಗೆ ಕಳಿಸಿದ್ದೂ ಅವನೇ. "ನನ್ನ ಹೆಸರೇ ಮೊದಲು ಬರ್ಬೇಕು ನೋಡವ್ವ" ಅಂತ ಹೇಳಿಯೇ ಅವನು ಮರಿಗಳಿದ್ದ ದೊಡ್ಡಿಗೆ ಕಾಲಿಟ್ಟ. ಹಿಂದೆಯೇ ಸಣ್ಣತಿಮ್ಮಪ್ಪನೂ ಬಂದ. ಇವನು ನಮ್ಮ ಮಂದೆ ಕಾಯುವವನು, ಮೂವತ್ತು ದಾಟಿದವನು. ಮಾತು ನಿಧಾನ. ಏನು ಕೇಳಿದರೂ ಮೊದಲು ನಗುತ್ತಾನೆ, ಆಮೇಲೆ ಉತ್ತರ ಕೊಡುತ್ತಾನೆ. ಅಷ್ಟಕ್ಕೇ ಊರು ಅವನನ್ನು ಮಂಕ ಅಂತ ತೀರ್ಮಾನ ಮಾಡಿತ್ತು.

"ಲೇ ತಿಮ್ಮ, ನನ್ನ ಮಗ್ಗುಲಾಗೆ ನಿಂತ್ಕ ಬಾರಲೇ" ಅಂದ ದೊಡ್ಡಪ್ಪ.

"ಒಬ್ಬೊಬ್ಬರೇ ಬರ್ಬೇಕು ದೊಡ್ಡಪ್ಪ. ಹಂಗೇ ರೂಲ್ಸು."

"ಅವ್ನೇನು ಮಾಡ್ತಾನವ್ವ, ಸುಮ್ನೆ ನಿಂತಿರ್ತಾನೆ."

"ಬ್ಯಾಡ. ಆಚೆ ಇರ್ಲಿ" ಅಂದೆ. ವಿಧಾನ ಅಂದರೆ ವಿಧಾನ. ದೊಡ್ಡಪ್ಪನಿಗೊಂದು, ಬೇರೆಯವರಿಗೊಂದು ಮಾಡುವವಳಲ್ಲ ನಾನು.

ಅವನು ಮರಿಗಳನ್ನು ನೋಡಿದ. ಬೆರೆಸಿದ ಮೇಲೆ ಮತ್ತೆ ಬಂದು, ಒಂದು ಮರಿಯ ಕಿವಿ ಹಿಡಿಯಲು ಬಗ್ಗಿದ. ಮುಟ್ಟುವ ಹಾಗಿಲ್ಲ, ನೋಡಿಯೇ ಹೇಳಬೇಕು ಅಂದೆ. ಆಗ ಎದ್ದು ನಿಂತು, ಪಂಚಾಯ್ತಿಯಲ್ಲಿ ತೀರ್ಪು ಹೇಳುವವನ ಹಾಗೆ, "ಇದು, ಇದು, ಅಗೋ ಅದು" ಅಂತ ಪಟಪಟನೆ ಬೆರಳು ತೋರಿಸಿ ಹೊರಟುಹೋದ. ಒಂದೊಂದೇ ಮರಿಯ ಹೊಟ್ಟೆ ತಿರುಗಿಸಿ ನೋಡಿದೆ. ಹತ್ತರಲ್ಲಿ ಎರಡರಲ್ಲಿ ಮಾತ್ರ ಕೆಮ್ಮಣ್ಣಿತ್ತು. ಆಮೇಲೆ ಬಂದವರಲ್ಲಿ, ಕುರಿಯ ಕಡೆ ತಿರುಗಿಯೂ ನೋಡದ ಬೇಸಾಯದವರೇ ನಾಲ್ಕೈದು ಸರಿ ಹೇಳಿದರು. ಹತ್ತಕ್ಕೆ ಹತ್ತೂ ಹೇಳಿದವನು ಸಣ್ಣತಿಮ್ಮಪ್ಪ ಒಬ್ಬನೇ.

ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಪ್ಪ ಮಜ್ಜಿಗೆಯ ಲೋಟಕ್ಕೆ ಕೈ ಚಾಚಿ ತಡಕಾಡಿದ. ದೊಡ್ಡವ್ವ ನಿಂಗಕ್ಕ ಏನೂ ಆಗದವಳ ಹಾಗೆ ಲೋಟವನ್ನು ಅವನ ಕೈಗೆ ಇಟ್ಟು ನನ್ನ ಮುಖ ನೋಡಿದಳು. ಹಿತ್ತಲಿಗೆ ಹೋದಾಗ ಹಿಂದೆಯೇ ಬಂದು, "ವರ್ಷ ಆತವ್ವ. ಕಣ್ಣಿಗೆ ಮಂಜು ಕವಿದಂಗೆ ಆಗೈತಂತೆ" ಅಂದಳು. "ಕುರಿ ಯಾರದ್ದು ಅಂತ ತಿಮ್ಮ ಮೆಲ್ಲಗೆ ಹೇಳ್ತಾನೆ, ಇವ್ರು ಜೋರಾಗಿ ಹೇಳ್ತಾರೆ. ಗೋವಿಂದಪ್ಪಂಗೇನಾದ್ರೂ ಗೊತ್ತಾದ್ರೆ ಇವ್ರು ತಲೆ ಎತ್ತಿ ತಿರುಗಾಡಂಗಿಲ್ಲ. ಬಾಯಿ ಬಿಡಬ್ಯಾಡ." ಕೆಲವು ತಿಂಗಳ ಹಿಂದೆ ಗೋವಿಂದಪ್ಪನಿಗೂ ಪಕ್ಕದೂರಿನವರಿಗೂ ಕಪ್ಪು ಬಿಳಿ ಮಚ್ಚೆಯ ಒಂದು ಹಂಡ ಕುರಿಯ ವಿಷಯದಲ್ಲಿ ವ್ಯಾಜ್ಯವಾಗಿ, ದೊಡ್ಡಪ್ಪ ಅವನ ವಿರುದ್ಧ ಹೇಳಿದ್ದ. ಆವತ್ತಿನಿಂದ ಅವನು ಒಳಗೊಳಗೇ ಕುದಿಯುತ್ತಿದ್ದ.

ಬಾಯಿ ಬಿಡುವವಳು ನಾನಲ್ಲ. ಆದರೆ ವರದಿ ಬರೆಯಬೇಕಿತ್ತಲ್ಲ. ಕೋಷ್ಟಕದಲ್ಲಿ ಎಲ್ಲರ ಹೆಸರು ಹಾಕಿ, ಮುಂದೆ ಅವರವರು ಸರಿ ಹೇಳಿದ್ದನ್ನು ಬರೆದೆ. ದೊಡ್ಡಪ್ಪನ ಹೆಸರು ಮಾತ್ರ ಬಿಟ್ಟೆ. ಅದನ್ನೇ ತೆಗೆದುಕೊಂಡು ಹೋಗಿ ಸಾರ್ ಕೈಗೆ ಕೊಟ್ಟಿದ್ದು.

ಪಂಚಾಕ್ಷರಪ್ಪ ಸಾರ್ ಸಿಟ್ಟಾಗುವ ಮನುಷ್ಯರಲ್ಲ. ತಮಾಷೆ ಮಾಡುತ್ತಲೇ ಚರ್ಮ ಸುಲಿಯುವವರು. ನನ್ನ ಪೀಠಿಕೆ "ಶ್ರೀ ಬೀರಲಿಂಗೇಶ್ವರ ಪ್ರಸನ್ನ" ಅಂತ ಶುರುವಾಗಿ, ಕುರುಬರ ಗುಣಗಾನದಲ್ಲಿ ಎರಡು ಪುಟ ಸಾಗಿತ್ತು. "ಕುರುಬರ ಜ್ಞಾಪಕಶಕ್ತಿ ಅಪಾರವಾದುದು" ಅಂತ ಬರೆದ ಕಡೆ ಅಂಚಿನಲ್ಲಿ ಕೆಂಪಕ್ಷರ: ಯಾರು ಹೇಳಿದ್ದು? "ಇದು ಎಲ್ಲರಿಗೂ ತಿಳಿದ ವಿಷಯವೇ" ಅಂದ ಕಡೆ ಮತ್ತೆ: ಯಾರು ಹೇಳಿದ್ದು? ಫಲಿತಾಂಶವನ್ನು ಪೀಠಿಕೆಯಲ್ಲೇ ಹೇಳಿ ಮುಗಿಸಿದ್ದೆ, ಚರ್ಚೆಯ ಭಾಗದಲ್ಲಿ ಹೇಳಲು ಏನೂ ಉಳಿದಿರಲಿಲ್ಲ. ಕೊನೆಯ ಪುಟಕ್ಕೆ ಬಂದಾಗ ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದೇನಮ್ಮ ಬರಗೇರಮ್ಮ, ಲಗ್ನಪತ್ರಿಕೆನಾ?"

ಉಲ್ಲೇಖಗಳ ಪಟ್ಟಿಯನ್ನು ನಾನು ಮರ್ಯಾದೆಯ ಪ್ರಕಾರ ಜೋಡಿಸಿದ್ದೆ. ಮೊದಲು ನಮ್ಮ ಪ್ರಿನ್ಸಿಪಾಲರು. ಅವರು ಪುಸ್ತಕ ಬರೆದಿರಲಿಲ್ಲ, ಆದರೆ ಹಿರಿಯರು. ಆಮೇಲೆ ಪಂಚಾಕ್ಷರಪ್ಪ ಸಾರ್. ಅವರ ಕೆಳಗೆ, ಲೈಬ್ರರಿಯ ಪುಸ್ತಕ ಬರೆದ ಇಂಗ್ಲಿಷಿನವರು, ವಯಸ್ಸಿನಲ್ಲಿ ದೊಡ್ಡವರು ಮುಂದೆ, ಚಿಕ್ಕವರು ಹಿಂದೆ. ಎಲ್ಲರಿಗೂ ಶ್ರೀ ಸೇರಿಸಿದ್ದೆ. ತೀರಿಕೊಂಡವರಿಗೆ ದಿವಂಗತ ಅಂತ ಹಾಕಿದ್ದೆ. ಹಿರಿಯರ ಹೆಸರನ್ನು ಬೋಳಾಗಿ ಬರೆಯಲು ಕೈ ಬರಲಿಲ್ಲ.

"ಇಲ್ಲಿ ದೊಡ್ಡೋರು ಚಿಕ್ಕೋರು ಅಂತ ಇಲ್ಲ" ಅಂದರು ಸಾರ್. "ಯಾರ ಪುಸ್ತಕ ಓದಿದೆಯೋ ಅವರ ಹೆಸರು, ಇಸವಿ, ಪುಸ್ತಕದ ಹೆಸರು, ಅಕಾರಾದಿಯಾಗಿ. ನನ್ನ ಹೆಸರು ತೆಗಿ. ಇರಲಿ, ಇದು ಹೇಳು. ವಿಧಾನದಲ್ಲಿ ಕುರುಬರು ಹನ್ನೆರಡು ಜನ ಅಂತ ಬರೆದಿದೀಯ. ಕೋಷ್ಟಕದಲ್ಲಿ ಹನ್ನೊಂದೇ ಇದಾರೆ. ಒಬ್ಬನ್ನ ತೋಳ ಹೊತ್ಕೊಂಡು ಹೋಯ್ತಾ?"

"ವಯಸ್ಸಾದವರು ಸಾರ್. ಕಣ್ಣು ಸರಿಯಿಲ್ಲ. ಅವರನ್ನ ಬಿಟ್ಟರೆ ಫಲಿತಾಂಶ ಚೆನ್ನಾಗಿ ಬರುತ್ತೆ."

"ಕಣ್ಣು ಸರಿಯಿಲ್ಲ ಅಂತ ಕೂರಿಸೋ ಮುಂಚೆ ಗೊತ್ತಿತ್ತಾ?"

"ಇಲ್ಲ."

"ಹಾಗಿದ್ದರೆ ಅವರು ಇರಬೇಕು. ಮುಯ್ಯಿ ಕಡಿಮೆ ಆಯ್ತು ಅಂತ ನಿಮ್ಮೂರಲ್ಲಿ ವಾಪಸ್ ಕೊಡ್ತಾರಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಅವರ ಹೆಸರು ಹಾಕಿದ್ರೆ ಊರಲ್ಲಿ ಅವರ ಮಾನ ಹೋಗುತ್ತೆ ಸಾರ್. ಅವರು ನಮ್ಮ ದೊಡ್ಡಪ್ಪ" ಅಂದೆ.

"ಹೆಸರು ಹಾಕು ಅಂದೋರು ಯಾರು?" ಸಾರ್ ಕೋಷ್ಟಕದ ಹೆಸರುಗಳ ಮೇಲೆಲ್ಲ ಕೆಂಪು ಗೆರೆ ಎಳೆದರು. "ಸಬ್ಜೆಕ್ಟ್ ಒಂದು, ಸಬ್ಜೆಕ್ಟ್ ಎರಡು, ಅಷ್ಟೇ. ಕೂತ ಕ್ರಮದಲ್ಲೂ ನಂಬರ್ ಹಾಕಬೇಡ. ಚೀಟಿ ಎತ್ತಿ ಹಾಕು."

ನನಗೆ ಸಮಾಧಾನವಾಯಿತು, ಜೊತೆಗೆ ಮೈಯೂ ಉರಿಯಿತು. "ಕುರಿ ಮುಖಾನೇ ನೋಡದ ಇಂಗ್ಲಿಷಿನವರ ಹೆಸರು ಕೊನೇ ಪುಟದಲ್ಲಿ ಮೆರೀಬೇಕು. ಬಿಸಿಲಲ್ಲಿ ಕೂತ ನಮ್ಮೋರು ಬರೀ ನಂಬರಾ?"

ಸಾರ್ ಆಗ ತಮಾಷೆ ಮಾಡಲಿಲ್ಲ. "ಅವರು ತಾವಾಗಿ ಒಂದು ಮಾತು ಹೇಳಿದಾರೆ. ತಪ್ಪಾದರೆ ಅವರನ್ನೇ ಹಿಡೀಬೇಕು, ಅದಕ್ಕೆ ಅವರ ಹೆಸರು. ನಿಮ್ಮೋರು ನಿನ್ನನ್ನ ನಂಬಿ ಕೂತೋರು. ಅವರನ್ನ ಕಾಯೋದು ನಿನ್ನ ಕೆಲಸ" ಅಂದರು. ನಾನು ಒಪ್ಪಿಕೊಂಡೆ.

ಹಾಸ್ಟೆಲ್ಲಿಗೆ ಬಂದು ಇಡೀ ವರದಿಯನ್ನು ಹೊಸದಾಗಿ ಬರೆದೆ. ಪೀಠಿಕೆಯಲ್ಲಿ ಪ್ರಶ್ನೆ ಮಾತ್ರ. ವಿಧಾನದಲ್ಲಿ ಮಾಡಿದ್ದು ಮಾತ್ರ. ಫಲಿತಾಂಶದಲ್ಲಿ ಕಂಡದ್ದು ಮಾತ್ರ. ಚರ್ಚೆಯಲ್ಲಿ ನನ್ನ ಮಾತು, ಅದಕ್ಕೂ ಆಧಾರ. ಬರೆಯುತ್ತ ಹೋದ ಹಾಗೆ, ಎರಡು ಪುಟದ ಹೊಗಳಿಕೆಗಿಂತ ಕುರುಬರ ಹನ್ನೆರಡು ಸಾಲಿನ ಕೋಷ್ಟಕವೇ ನಮ್ಮವರನ್ನು ಹೆಚ್ಚು ಎತ್ತಿ ಹಿಡಿದಿದೆ ಅನ್ನಿಸಿತು. ಚೀಟಿಯಲ್ಲಿ ದೊಡ್ಡಪ್ಪನಿಗೆ ಏಳು ಬಂತು. ಏಳನೇ ಸಬ್ಜೆಕ್ಟು ಯಾಕೆ ಅಷ್ಟು ಕಡಿಮೆ ಅನ್ನುವುದಕ್ಕೆ ಮಾತ್ರ ಚರ್ಚೆಯಲ್ಲಿ ಒಂದಷ್ಟು ಜಾಗ ಖಾಲಿ ಬಿಟ್ಟೆ. ಕಾರಣ ನನಗೆ ಗೊತ್ತಿತ್ತು, ಆದರೆ ದೊಡ್ಡವ್ವ ಗುಟ್ಟಾಗಿ ಹೇಳಿದ ಮಾತು ಅದು.

ಟೈಪ್ ಮಾಡಿಸುವ ಮುಂಚೆ ಊರಿಗೆ ಹೋದೆ. ಓದುತ್ತೇನೆ ಅಂದಮೇಲೆ ಓದಬೇಕು. ಸಂಜೆ ಬೇವಿನ ಕಟ್ಟೆಯ ಹತ್ತಿರ ಜನ ಸೇರಿದರು. ದೊಡ್ಡಪ್ಪ ಕಟ್ಟೆಯ ಮೇಲೆ, ನಡುವೆ, ತೊಳೆದ ರುಮಾಲು ಸುತ್ತಿಕೊಂಡು ಕೂತಿದ್ದ. ಗೋವಿಂದಪ್ಪ ಅವನ ಬಲಕ್ಕೆ. ಸಣ್ಣತಿಮ್ಮಪ್ಪ ಎಂದಿನಂತೆ ಕೆಳಗೆ, ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

ವಿಧಾನ ಓದುವವರೆಗೆ ಎಲ್ಲರಿಗೂ ಖುಷಿ. ಹೊಟ್ಟೆಯ ಅಡಿಗೆ ಕೆಮ್ಮಣ್ಣು ಬಳಿದದ್ದು ಬಂದಾಗ, "ಅದಕ್ಕೇ ಮರಿ ತಿರುವಾಕಿ ನೋಡ್ತಿದ್ಲು" ಅಂತ ನಕ್ಕರು. ಫಲಿತಾಂಶಕ್ಕೆ ಬಂದು, "ಸಬ್ಜೆಕ್ಟ್ ಒಂದು, ಎಂಟು. ಸಬ್ಜೆಕ್ಟ್ ಎರಡು, ಒಂಬತ್ತು" ಅಂತ ಶುರು ಮಾಡಿದೆ. ನಗು ನಿಂತುಹೋಯಿತು.

"ಹೆಸರೆಲ್ಲಿ?" ಅಂದ ಗೋವಿಂದಪ್ಪ. "ನಂಬರ್ ಹಾಕಕ್ಕೆ ನಾವೇನು ಬಸ್ಸಾ?"

"ಹೆಸರು ಹಾಕಂಗಿಲ್ಲ ಗೋವಿಂದಣ್ಣ. ಹಾಕ್ತೀನಿ ಅಂದಾಗ ನನಗೆ ಗೊತ್ತಿರಲಿಲ್ಲ. ಯಾರು ಏನು ಹೇಳಿದ್ರು ಅನ್ನೋದನ್ನ ನಾನು ಯಾರ ಮುಂದೂ ಹೇಳಂಗಿಲ್ಲ. ಇದು ನಿಮ್ಮನ್ನ ಕಾಯಕ್ಕೆ ಇರೋ ರೂಲ್ಸು."

ದೊಡ್ಡಪ್ಪನ ಮುಖ ಬಾಡಿತು. ಆದರೂ, "ಮುಂದಕ್ಕೆ ಓದವ್ವ" ಅಂದ. ಓದಿದೆ. ಏಳನೆಯದು ಬಂದಾಗ ದನಿ ಏರಿಳಿಯದ ಹಾಗೆ "ಎರಡು" ಅಂದು ಮುಂದಕ್ಕೆ ಹೋದೆ. ಗೋವಿಂದಪ್ಪ ಬಿಡಲಿಲ್ಲ.

"ತಡಿ, ತಡಿ. ಏಳನೇ ನಂಬರು ಬರೀ ಎರಡಾ? ಯಾವೋನಲೇ ಅವ್ನು, ನಮ್ಮ ಮಾನ ಕಳೆದೋನು?"

"ಇನ್ಯಾರು, ತಿಮ್ಮ" ಅಂದರು ಯಾರೋ. ಕಟ್ಟೆಯೆಲ್ಲ ನಕ್ಕಿತು. ಸಣ್ಣತಿಮ್ಮಪ್ಪನೂ ನಕ್ಕ. ತಾನು ಎಷ್ಟು ಸರಿ ಹೇಳಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಇಷ್ಟು ಜನ ಹೇಳುತ್ತಿದ್ದಾರೆ ಅಂದಮೇಲೆ ತಾನೇ ಇರಬೇಕು ಅಂತ ಒಪ್ಪಿಕೊಂಡವನ ಹಾಗೆ ತಲೆ ಬಗ್ಗಿಸಿದ.

"ಬೀರಪ್ಪಣ್ಣ, ಇವ್ನ ಕೈಗೆ ಮಂದೆ ಕೊಟ್ಟು ಹೆಂಗೆ ನಂಬಿದೀಯ?" ಗೋವಿಂದಪ್ಪ ಮುಂದುವರಿಸಿದ. "ನಾಳೆಯಿಂದ ಎಮ್ಮೆ ಮೇಯಿಸಕ್ಕೆ ಕಳ್ಸು. ಎಮ್ಮೆ ಆದ್ರೆ ಎರಡೇ ಇರ್ತಾವೆ, ಗುರುತು ಸಿಗ್ತಾವೆ."

ಮತ್ತೆ ನಗು. ಈ ಸಲ ಸಣ್ಣತಿಮ್ಮಪ್ಪ ನಗಲಿಲ್ಲ. ಕಂಬಳಿಯ ಅಂಚು ಹಿಡಿದು ನಿಂತುಬಿಟ್ಟ.

"ತಿಮ್ಮಣ್ಣ ಅಂತ ಯಾರು ಹೇಳಿದ್ದು?" ಅಂತ ಗದರಿದೆ. "ನಾನು ಹೇಳಿದ್ನಾ?"

"ಹಂಗಾದ್ರೆ ಅಲ್ಲ ಅಂತ ಹೇಳು."

ಮಾತು ನಾಲಿಗೆಯ ತುದಿಯವರೆಗೆ ಬಂತು. ಅಲ್ಲ ಅಂದರೆ ಉಳಿದವರು ಹನ್ನೊಂದು ಜನ. ಅವನೂ ಅಲ್ಲವಾ, ಇವನೂ ಅಲ್ಲವಾ ಅಂತ ಒಬ್ಬೊಬ್ಬರನ್ನೇ ಕೇಳುತ್ತ ಬಂದು, ಕೊನೆಗೆ ಕಟ್ಟೆಯ ನಡುವೆ ಕೂತವನ ಹತ್ತಿರವೇ ನಿಲ್ಲುತ್ತಿದ್ದರು. ಹೇಳದಿದ್ದರೆ ಒಬ್ಬ ನಿರಪರಾಧಿಯ ಮಂದೆ ಕೈಬಿಟ್ಟುಹೋಗುತ್ತದೆ. ಎರಡು ಕಡೆಯೂ ನಾನೇ ಕಾಯಬೇಕಾದವರು.

"ಏಳನೇ ನಂಬರು ನಾನು" ಅಂದ ದೊಡ್ಡಪ್ಪ.

ಯಾರಿಗೂ ಅರ್ಥವಾಗಲಿಲ್ಲ. ಹುಡುಗಿಯನ್ನು ಬಿಡಿಸಲು ಹೇಳುತ್ತಿದ್ದಾನೆ ಅಂದುಕೊಂಡರು. ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಂಗೆ ಕಣ್ಣು ಕಾಣಲ್ಲ. ವರ್ಷ ಆತು. ಆವತ್ತು ದೊಡ್ಡಿಯಾಗೆ ಸುಮ್ನೆ ಬೆರಳು ತೋರಿಸ್ದೆ. ನಂಬರು ಯಾವ್ದು ಅಂತ ನಂಗೇನು ಗೊತ್ತು, ಆದ್ರೆ ಎರಡೇ ಹೇಳಿದೋನು ನಾನೇ, ಇನ್ಯಾರೂ ಅಲ್ಲ. ಆ ಎರಡೂ ಅದೃಷ್ಟ. ಈ ವರ್ಷ ನೀವು ತಂದ ಕುರಿಗೆಲ್ಲ ನಾನು ಹೇಳಿದ್ನಲ್ಲ, ಇದು ಅವಂದು, ಇದು ಇವಂದು ಅಂತ. ಅದೊಂದೂ ನನ್ನ ಮಾತಲ್ಲ. ಎಲ್ಲ ತಿಮ್ಮ ಹೇಳಿದ್ದು. ನಾನು ಬರೀ ಜೋರಾಗಿ ಕೂಗ್ದೆ."

ನನಗೆ ಅಳು ಬಂತು, ತಡೆಯಲಿಲ್ಲ. ದೊಡ್ಡಪ್ಪನ ಮೇಲೆ ಅಷ್ಟು ಅಭಿಮಾನ ನನಗೆ ಅವನು ತೀರ್ಪು ಹೇಳುವಾಗಲೂ ಬಂದಿರಲಿಲ್ಲ.

ಗೋವಿಂದಪ್ಪ ಗಂಟಲು ಸರಿಮಾಡಿಕೊಂಡ. "ನನ್ನ ಹಂಡ ಕುರಿ ವಿಚಾರಾನೂ?"

"ಅದೂನೂ."

ಈಗ ಸ್ಫೋಟವಾಗುತ್ತದೆ ಅಂತ ನಾನು ಕಾದೆ. ಗೋವಿಂದಪ್ಪ ಕಟ್ಟೆಯಿಂದ ಇಳಿದು, ಸಣ್ಣತಿಮ್ಮಪ್ಪನ ಎದುರಿಗೆ ಹೋಗಿ ನಿಂತ. ಅವನನ್ನು ಇದುವರೆಗೆ ನೋಡಿಯೇ ಇಲ್ಲವೇನೋ ಅನ್ನುವ ಹಾಗೆ ನೋಡಿದ.

"ಅದು ನಂದಲ್ಲ ಅಂತ ಹೆಂಗೆ ಹೇಳ್ದೆ ತಿಮ್ಮಪ್ಪ?"

ಊರಿನಲ್ಲಿ ಯಾರೂ ಅವನನ್ನು ತಿಮ್ಮಪ್ಪ ಅಂತ ಕರೆದದ್ದನ್ನು ನಾನು ಕೇಳಿರಲಿಲ್ಲ. ಅವನು ಮೊದಲು ನಕ್ಕ. ಆಮೇಲೆ, "ಅದ್ರ ತಾಯಿ ನಂಗೊತ್ತಣ್ಣ" ಅಂದ. "ಪಕ್ಕದೂರಾಗೆ ಐತೆ. ನಿಮ್ಮ ಹಂಡ ಕುರಿ ಅದಕ್ಕಿಂತ ಮುಂಚೇನೇ ಕೆರೆ ಅಂಗಳದಾಗೆ ಸತ್ತುಬಿದ್ದಿತ್ತು. ಹೇಳಾಣ ಅಂತಿದ್ದೆ, ನೀವು ಸಿಟ್ಟಾಗಿದ್ರಿ."

ಗೋವಿಂದಪ್ಪ ವಾಪಸ್ ಬಂದು ಕೂತ. ಕೂತವನು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದ. "ಬಾ, ಮ್ಯಾಲೆ ಕುಂತ್ಕ" ಅಂದ. ಸಣ್ಣತಿಮ್ಮಪ್ಪ ದೊಡ್ಡಪ್ಪನ ಕಡೆ ನೋಡಿ, ಕಂಬಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಕಟ್ಟೆ ಹತ್ತಿದ.

ನಾನು ಕಣ್ಣೊರೆಸಿಕೊಂಡೆ. ವರದಿಯ ಖಾಲಿ ಜಾಗ ಹಾಗೇ ಇತ್ತು. "ದೊಡ್ಡಪ್ಪ, ನೀನು ಈಗ ಹೇಳಿದ್ದನ್ನ ಬರೀಲಾ?" ಅಂತ ಕೇಳಿದೆ.

"ಬರಿ. ಹೆಸರು ಹಾಕಿ ಬರಿ."

"ಇದಕ್ಕೆ ಹೆಸರು ಹಾಕಬೋದು. ಇದು ನೀನಾಗೇ ಎಲ್ಲರ ಮುಂದೆ ಹೇಳಿದ ಮಾತು. ತಿಮ್ಮಣ್ಣ, ನಿನ್ನ ಹೆಸರೂ ಹಾಕಲೇನು?"

ಸಣ್ಣತಿಮ್ಮಪ್ಪ ನಕ್ಕು, ಹೂಂ ಅಂದ.

"ನನ್ನ ಹೆಸರಿನ ಕೆಳಗೆ ಅವಂದು ಹಾಕು" ಅಂದ ದೊಡ್ಡಪ್ಪ. ಮುಖ ಸ್ವಲ್ಪ ಗೆಲುವಾಗಿತ್ತು.

"ಹಂಗೆ ಬರಲ್ಲ ದೊಡ್ಡಪ್ಪ. ಒಬ್ಬರ ಮಾತನ್ನ ಇನ್ನೊಬ್ಬರ ಬಾಯಿಂದ ಕೇಳಿದ್ರೆ, ಮೊದಲು ಹೇಳಿದೋರ ಹೆಸರು ಮೊದಲು. 'ಸಣ್ಣತಿಮ್ಮಪ್ಪ ಹೇಳಿದ್ದು, ಬೀರಪ್ಪನವರು ತಿಳಿಸಿದಂತೆ' ಅಂತ."

ದೊಡ್ಡಪ್ಪ ಕೈ ಚಾಚಿ ತಡಕಿದ. ಸಣ್ಣತಿಮ್ಮಪ್ಪನ ಭುಜ ಸಿಕ್ಕಿದ ಮೇಲೆ ಕೈಯನ್ನು ಅಲ್ಲೇ ಇಟ್ಟ.

"ಸರಿ, ಅವಂದೇ ಮೊದಲು ಬರಿ" ಅಂದ.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದೆ.